ಜುಬಿಲಿ ಸಂಗೀತದ ಪರಂಪರೆ: ಸಿಕಂದರಾಬಾದಿನ ನೆಲೆಯಿಂದ ಒಂದು ವಿಮರ್ಶೆ

ಅರಸರು ಪಟ್ಟವೇರಿದ 25ನೆಯ, 50ನೆಯ ಅಥವಾ 60ನೆಯ ವರ್ಷವನ್ನು ಪ್ರಜೆಗಳ ಸಮಕ್ಷಮದಲ್ಲಿ ವೈಭವದಿಂದ ಆಚರಿಸುವ ಪದ್ಧತಿಗೆ ಜುಬಿಲಿ ಎಂಬ ಹೆಸರು ರೂಢಿಯಲ್ಲಿದ್ದು, ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಅದು ಭಾರತದ ಸಂಸ್ಥಾನಗಳಿಗೂ ಹರಡಿತು. ಮೆರವಣಿಗೆ, ದೀಪಾಲಂಕಾರ, ಅನ್ನದಾನ, ದರ್ಬಾರುಗಳ ಜೊತೆಗೆ ಸಂಗೀತವೂ ಈ ಆಚರಣೆಯ ಅಂಗವಾಗಿತ್ತು. ನಾಡಿನ ಹೆಸರಾಂತ ಕಲಾವಿದರನ್ನೆಲ್ಲ ಒಂದೇ ವೇದಿಕೆಗೆ ಕರೆತರಬಲ್ಲ ಶಕ್ತಿಯೇ ಅರಸೊತ್ತಿಗೆಯ ಹಿರಿಮೆಯೆಂದು ಎಣಿಸಲಾಗುತ್ತಿತ್ತು. ಇಂಥ ಕಛೇರಿಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಹಾಡಿದವರ ಪಟ್ಟಿಯನ್ನೂ ಬಂದ ಜನಸಂದಣಿಯನ್ನೂ ಹೊಗಳಿ ಮುಗಿಯುತ್ತವೆ. ಆದರೆ ಪರಂಪರೆಯೊಂದರ ಬೆಲೆಯನ್ನು ಕಟ್ಟಬೇಕಾದರೆ ಮೂರು ಪ್ರಶ್ನೆಗಳನ್ನು ಕೇಳುವುದು ಅಗತ್ಯ: ಆ ಸಂಗೀತವನ್ನು ಕೇಳುವ ಅವಕಾಶ ಯಾರಿಗೆ ದೊರೆಯಿತು, ಆ ಸಂದರ್ಭದಿಂದ ಹೊಸ ರಚನೆಗಳೇನಾದರೂ ಹುಟ್ಟಿದವೇ, ಉತ್ಸವ ಮುಗಿದ ಮೇಲೆ ಸಂಗೀತದಲ್ಲಿ ಏನು ಉಳಿಯಿತು.

ಈ ಪದ್ಧತಿಯ ಆಧುನಿಕ ರೂಪಕ್ಕೆ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಉದ್ಯಾನದಲ್ಲಿ 2002ರ ಜೂನ್ 3ರಂದು ನಡೆದ ‘ಪಾರ್ಟಿ ಅಟ್ ದ ಪ್ಯಾಲೇಸ್’ ಎಂಬ ಕಛೇರಿ ಪ್ರಸಿದ್ಧ ಉದಾಹರಣೆ. ಎರಡನೆಯ ಎಲಿಜಬೆತ್ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವಕ್ಕಾಗಿ ಏರ್ಪಟ್ಟ ಈ ಕಾರ್ಯಕ್ರಮದ ಆರಂಭದಲ್ಲಿ ಕ್ವೀನ್ ತಂಡದ ಬ್ರಯನ್ ಮೇ ಅರಮನೆಯ ಮಾಳಿಗೆಯ ಮೇಲೆ ನಿಂತು ವಿದ್ಯುತ್ ಗಿಟಾರಿನಲ್ಲಿ ರಾಷ್ಟ್ರಗೀತೆಯನ್ನು ನುಡಿಸಿದರು. ಪಾಲ್ ಮೆಕಾರ್ಟ್ನಿ, ಎರಿಕ್ ಕ್ಲ್ಯಾಪ್ಟನ್, ಟಾಮ್ ಜೋನ್ಸ್, ಓಜಿ ಓಸ್ಬರ್ನ್ ಮತ್ತು ಲಖನೌನಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್ ಮೊದಲಾದವರು ಅದೇ ವೇದಿಕೆಯಲ್ಲಿ ಹಾಡಿದರು. ಚೀಟಿ ಎತ್ತಿ ಆಯ್ದ ಸುಮಾರು 12,000 ಸಾಮಾನ್ಯ ಪ್ರಜೆಗಳು ಉದ್ಯಾನದೊಳಗೆ ಕುಳಿತು ಕೇಳಿದರೆ, ಅದಕ್ಕಿಂತ ಅನೇಕ ಪಟ್ಟು ಜನ ಹೊರಗಿನ ಬೀದಿಯಲ್ಲಿ ದೊಡ್ಡ ಪರದೆಗಳ ಮುಂದೆ ನೆರೆದರು. ಇಡೀ ಕಛೇರಿಯನ್ನು ಬಿಬಿಸಿ ಪ್ರಸಾರ ಮಾಡಿತು, ಮುಂದೆ ಅದು ಸಿಡಿ ಮತ್ತು ಡಿವಿಡಿ ರೂಪದಲ್ಲಿ ಮಾರಾಟಕ್ಕೂ ಬಂತು. ಇದೇ ರಾಣಿಯ ರಜತ ಮಹೋತ್ಸವದ ವರ್ಷವಾದ 1977ರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ರಾಕ್ ತಂಡವು ಅರಸೊತ್ತಿಗೆಯನ್ನು ಖಂಡಿಸುವ ಹಾಡೊಂದನ್ನು ಹೊರತಂದಾಗ ಅದನ್ನು ಪ್ರಸಾರ ಮಾಡಲು ಬಿಬಿಸಿ ನಿರಾಕರಿಸಿತ್ತು. 25 ವರ್ಷಗಳ ಅಂತರದಲ್ಲಿ ಪ್ರತಿಭಟನೆಯ ಸಂಗೀತವೆಂದು ಹೆಸರಾಗಿದ್ದ ರಾಕ್ ಪ್ರಕಾರವು ಅರಮನೆಯ ಅಂಗಳಕ್ಕೆ ಅತಿಥಿಯಾಗಿ ಬಂದದ್ದು ಆ ಪ್ರಕಾರದ ಬೆಳವಣಿಗೆಯನ್ನು ಎಷ್ಟು ಸೂಚಿಸುತ್ತದೆಯೋ, ಅದರ ಮೊನಚು ಕಳೆದದ್ದನ್ನೂ ಅಷ್ಟೇ ಸೂಚಿಸುತ್ತದೆ.

ತಾರಾ ಕಲಾವಿದರು, ರಾಜೋತ್ಸವ ಮತ್ತು ಧ್ವನಿಮುದ್ರಣ ಒಂದೆಡೆ ಕೂಡಿದ್ದು 2002ರಲ್ಲೇ ಮೊದಲಲ್ಲ. ಭಾರತದಲ್ಲಿ ಅದರ ಬೇರುಗಳು 1911ರ ಡಿಸೆಂಬರಿನ ದಿಲ್ಲಿ ದರ್ಬಾರಿನಷ್ಟು ಹಳೆಯವು. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಆ ದರ್ಬಾರನ್ನು ಬಣ್ಣದ ಚಲನಚಿತ್ರವಾಗಿ ಸೆರೆಹಿಡಿಯಲಾಯಿತು, ಮತ್ತು ಅದರ ಅಂಗವಾಗಿ ಕಲಕತ್ತೆಯ ಗೌಹರ್ ಜಾನ್ ಹಾಗೂ ಅಲಹಾಬಾದಿನ ಜಾನಕಿಬಾಯಿ ಜೊತೆಯಾಗಿ ಹಾಡಿದರು. 1902ರಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿ ನಾಡಿನಾದ್ಯಂತ ಮನೆಮಾತಾಗಿದ್ದ ಗೌಹರ್ ಜಾನ್ ಅವರಂಥ ಗಾಯಕಿಯ ಆಯ್ಕೆಯು, ತಟ್ಟೆಗಳ ಮೂಲಕ ಹರಡಿದ ಕೀರ್ತಿಯೂ ರಾಜಮನ್ನಣೆಗೆ ದಾರಿಯಾಗತೊಡಗಿತೆಂಬುದಕ್ಕೆ ಸಾಕ್ಷಿ. 1911ರ ಆಗಸ್ಟ್‌ನಲ್ಲಿ ಪಟ್ಟವೇರಿದ್ದ ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಆ ದರ್ಬಾರಿನಲ್ಲಿ ದೊರೆಗೆ ಗೌರವ ಸಲ್ಲಿಸಿದ ಅರಸರಲ್ಲಿ ಮೊದಲಿಗರಾಗಿದ್ದರು.

ನಿಜಾಮರ ರಾಜಧಾನಿಗೆ ಹೊಂದಿಕೊಂಡ ಸಿಕಂದರಾಬಾದು ಈ ಪರಂಪರೆಯನ್ನು ಪರಿಶೀಲಿಸಲು ತಕ್ಕ ನೆಲೆ. ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರಿನಲ್ಲಿ 1806ರಲ್ಲಿ ರೂಪುಗೊಂಡ ಈ ಊರು ಬ್ರಿಟಿಷ್ ಸೇನೆಯ ದಂಡು, ಅಂದರೆ ಕಂಟೋನ್ಮೆಂಟ್ ಆಗಿ ಬೆಳೆಯಿತು. ಹುಸೇನ್ ಸಾಗರದ ಒಂದು ಬದಿಯಲ್ಲಿ ನವಾಬರ ಮನೆಗಳ ಮೈಫಲುಗಳಲ್ಲಿ, ಎಂದರೆ ಆಹ್ವಾನಿತರಷ್ಟೇ ಸೇರುವ ಗಾಯನ ಕೂಟಗಳಲ್ಲಿ, ಖಯಾಲು, ಠುಮ್ರಿ, ಗಜಲುಗಳು ಕೇಳಿಬರುತ್ತಿದ್ದರೆ, ಇನ್ನೊಂದು ಬದಿಯ ದಂಡಿನಲ್ಲಿ ಚರ್ಚು, ಕ್ಲಬ್ಬು ಮತ್ತು ಪಲ್ಟನ್ ಬ್ಯಾಂಡುಗಳ ಮೂಲಕ ಪಾಶ್ಚಾತ್ಯ ವಾದ್ಯಸಂಗೀತವು ನೆಲೆಯೂರಿತು. ಹೀಗೆ ಎರಡು ಸಂಗೀತ ಲೋಕಗಳು ಒಂದೇ ಕೆರೆಯ ಎರಡು ದಡಗಳಲ್ಲಿ ಬೆಳೆದರೂ, ಎರಡಕ್ಕೂ ಸಮಾನವಾಗಿದ್ದ ಲಕ್ಷಣವೆಂದರೆ ಬಾಗಿಲಲ್ಲಿ ತಡೆಯಿತ್ತು ಎಂಬುದು: ಒಂದೆಡೆ ಮನೆತನದ ಅಂತಸ್ತು ನೋಡಿ ಒಳಗೆ ಬಿಡುತ್ತಿದ್ದರು, ಇನ್ನೊಂದೆಡೆ ಮೈಬಣ್ಣ ಮತ್ತು ಹುದ್ದೆ ನೋಡಿ.

ಉಸ್ಮಾನ್ ಅಲಿ ಖಾನರ ರಜತ ಮಹೋತ್ಸವವು 1936ರಲ್ಲಿ ನಡೆಯಬೇಕಾಗಿದ್ದು, ಆ ವರ್ಷದ ಜನವರಿಯಲ್ಲಿ ಐದನೆಯ ಜಾರ್ಜ್ ತೀರಿಕೊಂಡ ಕಾರಣ 1937ರ ಫೆಬ್ರವರಿಗೆ ಮುಂದೂಡಲ್ಪಟ್ಟಿತು. ಆ ಉತ್ಸವದಿಂದ ಇಂದಿಗೂ ಕಣ್ಣಿಗೆ ಕಾಣುವಂತೆ ಉಳಿದಿರುವವು ಸಾರ್ವಜನಿಕ ಉದ್ಯಾನದ ಜುಬಿಲಿ ಹಾಲ್ ಮತ್ತು ಪುರಾನಿ ಹವೇಲಿಯ ನಿಜಾಮ್ ವಸ್ತುಸಂಗ್ರಹಾಲಯದಲ್ಲಿರುವ ಬೆಳ್ಳಿ, ಬಂಗಾರದ ಕಾಣಿಕೆಗಳು. ಅಂದು ಹೊರಬಂದ ಅಂಚೆಚೀಟಿಗಳ ಮೇಲೂ ಆಸ್ಪತ್ರೆ, ವಿಶ್ವವಿದ್ಯಾಲಯ, ಸಭಾಭವನಗಳ ಚಿತ್ರಗಳಿವೆ. ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯಗಳು ಜನೋಪಯೋಗಿಗಳು ಎಂಬುದನ್ನು ಮನಸಾರೆ ಒಪ್ಪಬೇಕು. ಆದರೆ ಸರ್ಕಾರದ ಕೈಯಲ್ಲಿ ಡೆಕ್ಕನ್ ರೇಡಿಯೋ ಎಂಬ ಪ್ರಸಾರ ಕೇಂದ್ರವು 1935ರಿಂದಲೇ ಇದ್ದು, ಉರ್ದುವಿನೊಡನೆ ತೆಲುಗು, ಮರಾಠಿ, ಕನ್ನಡಗಳಲ್ಲೂ ನುಡಿಯಬಲ್ಲದಾಗಿದ್ದಾಗ, ಆ ಉತ್ಸವದ ನೆನಪಿನಲ್ಲಿ ಕಲ್ಲು ಮತ್ತು ಲೋಹಗಳಿಗೆ ಸಿಕ್ಕ ಸ್ಥಾನವು ನಾದಕ್ಕೆ ಸಿಗದೆ ಹೋದದ್ದು ಒಂದು ಕೊರತೆಯೇ.

ಸಂಸ್ಥಾನದ ಕನ್ನಡ ಜಿಲ್ಲೆಗಳಾದ ಕಲಬುರಗಿ, ರಾಯಚೂರು, ಬೀದರುಗಳ ಕಡೆಯಿಂದ ನೋಡಿದರೆ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಆಡಳಿತ ಮತ್ತು ಉನ್ನತ ಶಿಕ್ಷಣಗಳು ಉರ್ದುವಿನಲ್ಲಿದ್ದವು. ಗಶ್ತಿ ನಿಶಾನ್ 53 ಎಂದು ಕುಖ್ಯಾತವಾದ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆ ನಡೆಸಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗಿತ್ತು. 1928ರಲ್ಲಿ ಬಿ.ಎಂ.ಶ್ರೀ. ಅವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದದ್ದು ಇಂಥ ವಾತಾವರಣದಲ್ಲೇ. ಜನ ಸೇರುವುದನ್ನು ಕಾವಲಿಟ್ಟು ನೋಡುತ್ತಿದ್ದ ಆಡಳಿತವೇ ಜುಬಿಲಿಗೆ ಜನರನ್ನು ಸೇರಿಸಿದಾಗ, ಸೇರಿದವರು ಪ್ರೇಕ್ಷಕರಾಗಬಹುದಿತ್ತೇ ಹೊರತು ಪಾಲುದಾರರಾಗುವುದು ಕಷ್ಟವಿತ್ತು. ಈ ಸೀಮೆಯ ಸಂಗೀತವನ್ನು ಆ ಕಾಲದಲ್ಲಿ ಸಾಕಿ ಸಲಹಿದವು ಮಠಗಳು ಮತ್ತು ಜಾತ್ರೆಗಳು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿಗಳೊಡನೆ ರಾತ್ರಿಯಿಡೀ ಹಾಡುವ ಭಜನೆಯ ಮೇಳಗಳಿಗೆ ಯಾವ ಆಸ್ಥಾನದ ಬಿರುದೂ ಇರಲಿಲ್ಲ, ಆದರೂ ಅವು ಅಳಿಯಲಿಲ್ಲ. ರಾಯಚೂರು ಸೀಮೆಯಿಂದ ಬಂದ ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರು ವಚನ ಮತ್ತು ದಾಸರ ಪದಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಕನ್ನಡಿಗರ ಮನಸ್ಸನ್ನು ಗೆದ್ದರು.

ಇದಕ್ಕೆ ಹೋಲಿಸಿದರೆ ಮೈಸೂರಿನ ಪರಂಪರೆ ಬೇರೆ ಬಗೆಯದು. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ರಾಜ್ಯಾಧಿಕಾರ ವಹಿಸಿಕೊಂಡದ್ದರ ರಜತ ಮಹೋತ್ಸವವು 1927ರ ಆಗಸ್ಟಿನಲ್ಲಿ ನಡೆಯಿತು. ಅದರ ಸ್ಮಾರಕವಾಗಿ ಮೈಸೂರಿನಲ್ಲಿ ದೊಡ್ಡ ಗಡಿಯಾರ ನಿಂತಿತು. ಆದರೆ ಅಲ್ಲಿ ಕಟ್ಟಡದ ಜೊತೆಗೆ ಸಂಗೀತವೂ ನಿಂತಿತು. ಅದೇ ಕಾಲದಲ್ಲಿ ಆಸ್ಥಾನಕ್ಕೆ ಬಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಅರಸರ ಪ್ರೇರಣೆಯಿಂದ ಚಾಮುಂಡೇಶ್ವರಿಯ ಅಷ್ಟೋತ್ತರ ನಾಮಾವಳಿಯನ್ನು ಆಧರಿಸಿ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದರು. ಅವು ಇಂದೂ ಕಛೇರಿಗಳಲ್ಲಿ ಜೀವಂತವಾಗಿವೆ. ದಿಲ್ಲಿ ದರ್ಬಾರಿನಲ್ಲಿ ಹಾಡಿದ್ದ ಗೌಹರ್ ಜಾನ್ 1928ರಲ್ಲಿ ಇದೇ ಆಸ್ಥಾನದ ಆಶ್ರಯ ಪಡೆದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕೊನೆಯುಸಿರೆಳೆದರು. ಮೈಸೂರು ವಾಸುದೇವಾಚಾರ್ಯರಂಥ ವಾಗ್ಗೇಯಕಾರರು, ಅಂದರೆ ಮಾತು ಮತ್ತು ಧಾತುಗಳೆರಡನ್ನೂ ತಾವೇ ಕಟ್ಟುವ ರಚನಕಾರರು, ಅಲ್ಲಿದ್ದರು. ಜರ್ಮನಿಯ ಆಟೊ ಸ್ಮಿತ್ ನಡೆಸುತ್ತಿದ್ದ ಪಾಶ್ಚಾತ್ಯ ವಾದ್ಯವೃಂದವೂ ಅಲ್ಲಿತ್ತು. ಅರಮನೆಯ ಬ್ಯಾಂಡಿನ ಸಂಪ್ರದಾಯವು ಕರ್ನಾಟಕ ಪೊಲೀಸ್ ಬ್ಯಾಂಡಿನ ರೂಪದಲ್ಲಿ ಇಂದಿನ ದಸರೆಯವರೆಗೂ ಮುಂದುವರಿದಿದೆ. ಇಲ್ಲಿಯೂ ಆಸ್ಥಾನದೊಳಗಿನ ಕಛೇರಿಗೆ ಪ್ರವೇಶ ಎಲ್ಲರಿಗೂ ಇರಲಿಲ್ಲ ಎಂಬ ದೋಷವನ್ನು ಮರೆಮಾಡುವಂತಿಲ್ಲ. ಆದರೆ ಒಂದು ದಿನದ ಮೆರುಗಿಗಿಂತ ವರ್ಷವಿಡೀ ನಡೆಯುವ ಕಲಿಕೆಗೆ ಹಣ ಹೂಡಿದ್ದರಿಂದ ಆ ಸಂಗೀತವು ಶಿಷ್ಯರ ಮೂಲಕ ಅರಮನೆಯ ಗೋಡೆ ದಾಟಿತು.

ಧ್ವನಿಮುದ್ರಣದ ಮಹತ್ವವನ್ನು ಮನಗಂಡ ಅರಸರಲ್ಲಿ ಜಯಚಾಮರಾಜ ಒಡೆಯರು ಅಗ್ರಗಣ್ಯರು. ಸ್ವತಃ ಪಿಯಾನೊ ಅಭ್ಯಾಸ ಮಾಡಿದ್ದ ಮತ್ತು 94 ಕೃತಿಗಳನ್ನು ರಚಿಸಿದ ಅವರು, ಲಂಡನ್ನಿನಲ್ಲಿ ಬಡತನ ಮತ್ತು ಕಾಯಿಲೆಯ ನಡುವೆ ಬದುಕುತ್ತಿದ್ದ ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್‌ನ ಸಂಗೀತವನ್ನು ಆತನೇ ನುಡಿಸಿ ಮುದ್ರಿಸುವಂತೆ ಎಚ್‌ಎಂವಿ ಸಂಸ್ಥೆಗೆ ಹಣ ಒದಗಿಸಿದರು. ಕೃತಜ್ಞತೆಯಿಂದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು, ಅಂದರೆ ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಬರೆದ ದೀರ್ಘ ರಚನೆಯನ್ನು, ಮೈಸೂರಿನ ಅರಸರಿಗೆ ಅರ್ಪಿಸಿದನು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗಲೂ, ಅದರ ವೆಚ್ಚಕ್ಕೆ ಜಾಮೀನಾಗಿ ನಿಂತು, ಮೈಸೂರಿನ ತಮ್ಮ ಸಂಗ್ರಹಕ್ಕಾಗಿ ಅದನ್ನು ಮುದ್ರಿಸಿಕೊಳ್ಳುವಂತೆ ಮಾಡಿದವರು ಇವರೇ. ಆ ಮುದ್ರಿಕೆಯ ಶಬ್ದಗುಣ ಸಾಧಾರಣವಾದರೂ ಆ ಸಂಜೆಯ ನಾದವನ್ನು ಇಂದಿನವರು ಕೇಳಬಹುದಾಗಿದೆ. ಹೊಗಳಿಸಿಕೊಳ್ಳುವ ಉದ್ದೇಶವಿಲ್ಲದ ಈ ರಾಜಾಶ್ರಯವು ಎಷ್ಟೋ ಜುಬಿಲಿ ಕಛೇರಿಗಳಿಗಿಂತ ಹೆಚ್ಚಿನ ತೂಕವುಳ್ಳದ್ದು.

ಮೇಲಿನ ಮೂರು ಪ್ರಶ್ನೆಗಳನ್ನು ಲಂಡನ್ನಿನ 2002ರ ಕಛೇರಿಗೆ ಹಾಕಿದರೆ ಉತ್ತರ ಮಿಶ್ರವಾಗಿದೆ. ಪ್ರವೇಶದ ವಿಷಯದಲ್ಲಿ ಅದು ಹಳೆಯ ದರ್ಬಾರುಗಳಿಗಿಂತ ಬಹಳ ಮುಂದಿದೆ, ಮುದ್ರಿಕೆಯ ವಿಷಯದಲ್ಲೂ ಅದರ ಸಾಧನೆ ದೊಡ್ಡದು. ಹೊಸ ರಚನೆಯ ವಿಷಯದಲ್ಲಿ ಮಾತ್ರ ಅದು ಬಡವಾಗಿದೆ. ಕಲಾವಿದರು ಹೆಚ್ಚಾಗಿ ಹಾಡಿದ್ದು ತಮ್ಮ ಅಥವಾ ಇತರರ ಹಳೆಯ ಜನಪ್ರಿಯ ಗೀತೆಗಳನ್ನೇ. 2012ರ ವಜ್ರ ಮಹೋತ್ಸವದ ಕಛೇರಿಗಾಗಿ ಗ್ಯಾರಿ ಬಾರ್ಲೊ ಮತ್ತು ಆಂಡ್ರೂ ಲಾಯ್ಡ್ ವೆಬರ್ ಹೊಸ ಗೀತೆಯೊಂದನ್ನು ರಚಿಸಿ, ಕಾಮನ್‌ವೆಲ್ತ್ ದೇಶಗಳ ಗಾಯಕರನ್ನೂ ವಾದಕರನ್ನೂ ಸೇರಿಸಿಕೊಂಡದ್ದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು. ಒಟ್ಟಿನಲ್ಲಿ ದಿಲ್ಲಿಯ ದರ್ಬಾರು ತಾರೆಯರನ್ನು ಮೆರೆಸಿತು, ಹೈದರಾಬಾದು ಕಟ್ಟಡಗಳನ್ನು ಉಳಿಸಿತು, ಲಂಡನ್ ಬಾಗಿಲು ತೆರೆದು ಮುದ್ರಿಕೆಯನ್ನು ಕೊಟ್ಟಿತು, ಮೈಸೂರು ರಚನೆಗಳನ್ನೂ ಶಿಷ್ಯಪರಂಪರೆಯನ್ನೂ ಬೆಳೆಸಿತು. ಸಂಗೀತದ ದೃಷ್ಟಿಯಿಂದ ಈ ನಾಲ್ಕರಲ್ಲಿ ಮೈಸೂರಿನದೇ ಶ್ರೇಷ್ಠವೆಂದು ಹೇಳಬೇಕಾಗುತ್ತದೆ.

ಅರಸರ ಕಾಲ ಮುಗಿದಿದ್ದರೂ ಉತ್ಸವಗಳ ಕಾಲ ಮುಗಿದಿಲ್ಲ. ಇಂದು ಸರ್ಕಾರಗಳು ನಡೆಸುವ ದಸರೆ, ಹಂಪಿ ಉತ್ಸವ, ಸಂಘಸಂಸ್ಥೆಗಳ ಸುವರ್ಣ ಮಹೋತ್ಸವಗಳು ಅದೇ ಹಾದಿಯಲ್ಲಿ ಹೆಸರಾಂತ ಗಾಯಕರನ್ನು ಕರೆಸುತ್ತಿವೆ. ಇಂಥ ಪ್ರತಿಯೊಂದು ಉತ್ಸವವೂ ಕನಿಷ್ಠ ಒಂದು ಹೊಸ ಕನ್ನಡ ರಚನೆಯನ್ನು ಮಾಡಿಸಬೇಕು, ತನ್ನ ಕಛೇರಿಗಳನ್ನು ಮುದ್ರಿಸಿ ಎಲ್ಲರಿಗೂ ದೊರೆಯುವಂತೆ ಇಡಬೇಕು, ಜಾತ್ರೆಯ ಹಾಡುಗಾರರಿಗೂ ಮುಖ್ಯ ವೇದಿಕೆಯಲ್ಲಿ ಜಾಗ ಕೊಡಬೇಕು. ಸಿಕಂದರಾಬಾದು ಮತ್ತು ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ತಮ್ಮ ಹಿರಿಯರಿಗೆ ಗೊತ್ತಿರುವ ತತ್ವಪದಗಳನ್ನೂ ಭಜನೆಯ ಹಾಡುಗಳನ್ನೂ ಈಗಲೇ ಮುದ್ರಿಸಿಡುವುದು ಈ ಕೆಲಸದ ಮೊದಲ ಹೆಜ್ಜೆಯಾಗಲಿ.