ಫಿಲ್ಮಿಗೆ ಕಾಣದ ಮುಖಗಳು

ಬೀದರಿನ ಬಿದ್ರಿ ಕಸುಬುದಾರರು ಕೋಟೆಯ ಮಣ್ಣು, ನವಸಾಗರ ಬೆರೆಸಿ ಲೋಹವನ್ನು ಕಪ್ಪಾಗಿಸುತ್ತಾರೆ. ಆ ಕಪ್ಪಿನಿಂದಲೇ ಬೆಳ್ಳಿಯ ಹೂಬಳ್ಳಿ ಹೊಳೆಯುತ್ತದೆ. ಕಪ್ಪಿನ ಬೆಲೆ ಬಲ್ಲ ಈ ಜಿಲ್ಲೆಯವರಾದ ನಾವು ಮನೆಯ ಆಲ್ಬಮ್ಮುಗಳಲ್ಲಿ ಮಾತ್ರ ಅದನ್ನು ಕಳೆದುಕೊಂಡೆವು. ಭಾಲ್ಕಿ, ಔರಾದಗಳ ಹಳೆಯ ಮದುವೆ ಫೋಟೋಗಳಲ್ಲಿ ಶೇರ್ವಾನಿಯ ಜರಿ ಮಿಂಚುತ್ತದೆ. ಹೊಲದಲ್ಲಿ ದುಡಿದ ಮಾಮೂಜಾನರ ಮುಖ ಮಸಿಯಾಗಿರುತ್ತದೆ. ಬಣ್ಣ ಕಡಿಮೆಯೆಂದು ನಾವು ಅವರನ್ನೇ ಹಳಿದೆವು.

ಫ್ಲಾಶ್ ಹಿಡಿದವನ ಪಾಲೂ ಇದರಲ್ಲಿದ್ದೀತು. ಆದರೆ ಕಲರ್ ಫಿಲ್ಮಿನ ಚರಿತ್ರೆಯನ್ನೂ ನೋಡಬೇಕು. ಪ್ರಿಂಟಿನ ಬಣ್ಣ ಹೊಂದಿಸಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ದಶಕಗಳ ಕಾಲ ಇದ್ದುದು ಬಿಳಿ ಹೆಣ್ಣಿನ ಚಿತ್ರ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂದು ಛಾಯೆಗಳತ್ತ ಕಂಪನಿ ಗಮನ ಹರಿಸಿದ್ದು ಚಾಕಲೇಟು ಮತ್ತು ಮರದ ಪೀಠೋಪಕರಣ ತಯಾರಕರು ದೂರಿದ ಮೇಲೆ. ಮಾರುಕಟ್ಟೆಯಲ್ಲಿ ಮನುಷ್ಯರಿಗಿಂತ ಮೇಜು ಕುರ್ಚಿಗಳಿಗೆ ಹೆಚ್ಚು ಧ್ವನಿಯಿತ್ತು! ಬೇರೆ ಬೇರೆ ವರ್ಣದ ಮಹಿಳೆಯರಿದ್ದ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಫಿಲ್ಮಿನ ಕಾಲ ಮುಗಿಯಿತು, ಫೋನೇ ಕ್ಯಾಮೆರಾ ಆಯಿತು. 2016ರಲ್ಲಿ ಒಪ್ಪೊ ಕಂಪನಿ ತನ್ನ ಫೋನನ್ನು 'ಸೆಲ್ಫಿ ಎಕ್ಸ್‌ಪರ್ಟ್' ಎಂದು ನಮ್ಮ ದೇಶದಲ್ಲಿ ಮಾರಿತು. ಮುಖ ತಿದ್ದುವ 'ಬ್ಯೂಟಿಫೈ' ಅದರ ಆಕರ್ಷಣೆ. 2021ರಲ್ಲಿ ಗೂಗಲ್ 'ರಿಯಲ್ ಟೋನ್' ತಂದು, ಇರುವ ಬಣ್ಣವನ್ನು ಇದ್ದಂತೆ ತೋರಿಸುವುದನ್ನೇ ಮಾರತೊಡಗಿತು. ವ್ಯಾಪಾರಿಗೆ ಎರಡೂ ಸರಕೇ.

ಹುಡುಗಿಯ ಫೋಟೋವನ್ನು ಬೆಳ್ಳಗಾಗಿಸಿ ಸಂಬಂಧಕ್ಕೆ ಕಳಿಸುವ ನಾವು ಯಾರನ್ನು ದೂರೋಣ? ಮನುಷ್ಯರ ಬಣ್ಣಗಳ ಭಿನ್ನತೆಯನ್ನು ಕುರ್‌ಆನ್ ಅಲ್ಲಾಹನ ನಿದರ್ಶನಗಳಲ್ಲಿ ಎಣಿಸುತ್ತದೆ. ಅದನ್ನು ಅಳಿಸುವ ಗುಂಡಿ ಈಗ ಲ್ಯಾಬಿನಲ್ಲಿಲ್ಲ, ನಮ್ಮ ಬೆರಳಿನ ಕೆಳಗೇ ಇದೆ.