ಹಿನ್ನೆಲೆಗೆ ಸರಿದ ದನಿ

ಚಿತ್ರಗೀತೆಗಳ ಬಗ್ಗೆ ಮಾತನಾಡುವಾಗ ನಾವೆಲ್ಲ ಯೋಚಿಸದೆ ಬಳಸುವ ಪದವೊಂದಿದೆ: ಹಿನ್ನೆಲೆ ಗಾಯನ. ಇಂಗ್ಲಿಷಿನ ‘ಪ್ಲೇಬ್ಯಾಕ್’ಗೆ ಕನ್ನಡದಲ್ಲಿ ನೆಲೆನಿಂತ ಹೆಸರಿದು. ಆದರೆ ಪ್ಲೇಬ್ಯಾಕ್ ಎಂದರೆ ಹಿಂದೆ ನಿಂತು ಹಾಡುವುದಲ್ಲ. ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು, ಚಿತ್ರೀಕರಣದ ವೇಳೆ ಅದನ್ನು ಮತ್ತೆ ನುಡಿಸಿ, ನಟರು ಅದಕ್ಕೆ ತುಟಿ ಆಡಿಸುವ ತಂತ್ರ ಅದು. ದೃಶ್ಯದ ಹಿಂದೆ ಕೇಳಿಬರುವ ಬ್ಯಾಕ್‌ಗ್ರೌಂಡ್ ಸಂಗೀತವೇ ಬೇರೆ. ಕನ್ನಡ ಇವೆರಡನ್ನೂ ‘ಹಿನ್ನೆಲೆ’ ಎಂಬ ಒಂದೇ ಚೀಲಕ್ಕೆ ತುಂಬಿತು. ಜಮಖಂಡಿ ಕಡೆ ಮರಾಠಿ ಬಲ್ಲವರಿಗೆ ‘ಪಾರ್ಶ್ವಗಾಯನ’ ಎಂಬ ಪದವೂ ಗೊತ್ತು. ಅಲ್ಲಿ ಹಾಡುವವರು ಹಿಂದಕ್ಕಲ್ಲ, ಪಕ್ಕಕ್ಕೆ ಸರಿದರು, ಅಷ್ಟೇ.

ಇನ್ನೊಬ್ಬರಿಗಾಗಿ ಹಾಡುವುದೇ ಹಿನ್ನೆಲೆ ಗಾಯನ ಎಂದೂ ಹೇಳಲಾಗದು. ‘ಜೀವನ ಚೈತ್ರ’ (1992) ಚಿತ್ರದಲ್ಲಿ ತಮ್ಮದೇ ಪಾತ್ರಕ್ಕೆ ಹಾಡಿದ ಡಾ. ರಾಜ್‌ಕುಮಾರ್ ಅವರಿಗೆ ಸಿಕ್ಕ ರಾಷ್ಟ್ರಪ್ರಶಸ್ತಿಯೂ ‘ಅತ್ಯುತ್ತಮ ಹಿನ್ನೆಲೆ ಗಾಯಕ’ ಎಂದೇ. ಅವರು ಯಾರ ಹಿನ್ನೆಲೆಯಲ್ಲಿದ್ದರು?

ಮುಧೋಳ ತಾಲೂಕಿನ ಲೋಕಾಪುರದ ಕಡೆ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಹಿಮ್ಮೇಳ ಏನೆಂದು ಹೇಳಿಕೊಡಬೇಕಿಲ್ಲ. ಪಾತ್ರಧಾರಿ ತಾನೇ ಹಾಡುತ್ತಾನೆ, ಹಿಂದೆ ನಿಂತವರು ಎತ್ತಿಕೊಳ್ಳುತ್ತಾರೆ. ಹಿಂದಿದ್ದರೂ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಸಿನಿಮಾದಲ್ಲಿಯೂ ಮೊದಮೊದಲು ನಟರೇ ಹಾಡಬೇಕಿತ್ತು. 1935ರಲ್ಲಿ ನಿತಿನ್ ಬೋಸ್ ನಿರ್ದೇಶನದ ಬಂಗಾಳಿ ‘ಭಾಗ್ಯಚಕ್ರ’ ಮತ್ತು ಹಿಂದಿ ‘ಧೂಪ್ ಛಾಂವ್’ ಚಿತ್ರಗಳಲ್ಲಿ ಪ್ಲೇಬ್ಯಾಕ್ ಬಂದ ಮೇಲೆ ದನಿಯೊಂದು ಕಡೆ, ಮುಖವೊಂದು ಕಡೆ ಆಯಿತು. ಹೆಸರು ಮುಖದ ಪಾಲಿಗೆ ಹೋಯಿತು.

ಈ ಪದದ ನಿಜವಾದ ಲೆಕ್ಕ ಕೇಳಬೇಕಾದದ್ದು ಬೀಳಗಿಯಲ್ಲಿ. ಅಮೀರ್‌ಬಾಯಿ ಕರ್ನಾಟಕಿ ಹುಟ್ಟಿದ ಊರದು. ತಾವೇ ನಟಿಸಿ ಹಾಡುತ್ತಿದ್ದ ಅವರು ಪ್ಲೇಬ್ಯಾಕ್ ಕಾಲದಲ್ಲಿ ಅನ್ಯರ ತುಟಿಗೂ ದನಿಯಾದರು. 1943ರ ‘ಕಿಸ್ಮತ್’ನ ನಾಯಕಿ ರಾಣಿ ನಾಟಕಶಾಲೆಯಲ್ಲಿ ಹಾಡಿ ಬದುಕುವವಳು. ಅಂದರೆ ಆ ಪಾತ್ರದ ಬಂಡವಾಳವೇ ಕಂಠ. ತೆರೆಯ ಮೇಲೆ ಮುಮ್ತಾಜ್ ಶಾಂತಿ, ಕಂಠ ಬೀಳಗಿಯದು. ಜರ್ಮನ್, ಜಪಾನಿಗಳ ಹೆಸರು ಹೇಳಿ ಬ್ರಿಟಿಷರ ಸೆನ್ಸಾರ್ ದಾಟಿದ ಪ್ರದೀಪರ ದೇಶಭಕ್ತಿಗೀತೆಯಲ್ಲೂ, ಖಾನ್ ಮಸ್ತಾನಾ ಜೊತೆ, ಅದೇ ಕಂಠ. ಕಲ್ಕತ್ತೆಯ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿದ ಚಿತ್ರವದು. ಈ ಗಾಯನ ಯಾವುದರ ಹಿನ್ನೆಲೆ? ಅದನ್ನು ತೆಗೆದರೆ ರಾಣಿಯೇ ಉಳಿಯುವುದಿಲ್ಲ.

ಆರು ವರ್ಷ ಕಳೆದರೂ ಸ್ಥಿತಿ ಬದಲಾಗಿರಲಿಲ್ಲ. ‘ಮಹಲ್’ (1949) ಚಿತ್ರದ ಹಾಡಿನ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಬದಲು ಪಾತ್ರದ ಹೆಸರು ‘ಕಾಮಿನಿ’ ಎಂದು ಅಚ್ಚಾಗಿತ್ತು. ಫಿಲ್ಮ್‌ಫೇರ್ ಗಾಯಕರಿಗೆಂದು ಪ್ರಶಸ್ತಿ ಕೊಟ್ಟದ್ದು 1959ರಲ್ಲಿ ಮೊದಲು.

‘ಕಂಠದಾನ’ ಎಂಬ ಇನ್ನೊಂದು ಪದವಿದೆ; ಡಬ್ಬಿಂಗ್ ಕಲಾವಿದರಿಗೆ ಹೆಚ್ಚಾಗಿ ಅಂಟಿಸುವುದು. ಕೂಲಿ ಪಡೆದು ಮಾಡಿದ ದುಡಿಮೆ ದಾನವಾಗುವುದು ಹೇಗೋ ತಿಳಿಯದು. ರಬಕವಿ-ಬನಹಟ್ಟಿಯ ನೇಕಾರ ನೇಯ್ದ ಸೀರೆಯನ್ನು ಉಡುವವರು ಬೇರೆಯವರೇ. ಹಾಗೆಂದು ಅವನನ್ನು ಯಾರೂ ಹಿನ್ನೆಲೆ ನೇಕಾರ ಅನ್ನುವುದಿಲ್ಲ, ಅವನು ಮಾಡಿದ್ದನ್ನು ಸೀರೆದಾನ ಎಂದೂ ಕರೆಯುವುದಿಲ್ಲ. ಗಾಯಕಿಯನ್ನು ಬರೀ ಗಾಯಕಿ ಎಂದರೆ ಅರ್ಥಕ್ಕೇನೂ ನಷ್ಟವಿಲ್ಲ.

ಅಮೀರ್‌ಬಾಯಿಯವರ ಬದುಕನ್ನು ರಹಮತ್ ತರೀಕೆರೆ ಕನ್ನಡದಲ್ಲಿ ಪುಸ್ತಕವಾಗಿಸಿದ್ದಾರೆ. ‘ಕಿಸ್ಮತ್’ ಬಂದಾಗ ಬೀಳಗಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಮೀರ್‌ಬಾಯಿ ತೀರಿಕೊಂಡದ್ದು 1965ರಲ್ಲಿ. ಆಗಲೂ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂದಾದದ್ದು 1973ರಲ್ಲಿ. ಆ ಹೆಸರನ್ನು ಅವರು ಅಷ್ಟರೊಳಗೆ ಹಿಂದಿ ಸಿನಿಮಾದ ಕೇಳುಗರಿಗೆಲ್ಲ ಬಾಯಿಪಾಠ ಮಾಡಿಸಿಯಾಗಿತ್ತು.