ಸಿಂಹಾಸನಕ್ಕೆ ದೇವರ ಸಾಕ್ಷಿ

ಶೃಂಗೇರಿಯ ಜಗದ್ಗುರುಗಳ ಬಿರುದಾವಳಿಯಲ್ಲಿ ‘ಕರ್ಣಾಟಕ ಸಿಂಹಾಸನ ಪ್ರತಿಷ್ಠಾಪನಾಚಾರ್ಯ’ ಎಂಬುದೂ ಒಂದು. ಆ ಸಿಂಹಾಸನ ಮಣ್ಣುಗೂಡಿ ಶತಮಾನಗಳೇ ಕಳೆದಿವೆ. ಬಿರುದು ಮಾತ್ರ ಉಳಿದುಕೊಂಡಿದೆ. ಅದರ ಹಿಂದಿರುವ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದವರು. ಬೇಟೆಗೆ ಹೋದ ಹರಿಹರ ಬುಕ್ಕರ ನಾಯಿಗಳನ್ನು ಮೊಲವೊಂದು ತಿರುಗಿ ಅಟ್ಟಿಸಿಕೊಂಡು ಬಂತು. ಅದು ವೀರಭೂಮಿಯೆಂದು ವಿದ್ಯಾರಣ್ಯರು ಅಪ್ಪಣೆ ಕೊಡಿಸಿದರು. 1336ರಲ್ಲಿ ಅಲ್ಲಿ ವಿಜಯನಗರ ಎದ್ದಿತು. ರಾಜ್ಯ ಹುಟ್ಟಲು ದಂಡು ದಳವಾಯಿಗಳಷ್ಟೇ ಸಾಲದು, ದೈವದ ಪ್ರೇರಣೆ ಬೇಕು. ಆ ಪ್ರೇರಣೆ ಒಬ್ಬ ಯತಿಯ ಮೂಲಕ ಇಳಿಯಿತು ಎಂಬುದು ಕಥೆಯ ತಿರುಳು.

ಇಂಥದೇ ನಂಬಿಕೆ ಕ್ರೈಸ್ತ ಜಗತ್ತಿನಲ್ಲೂ ಬೇರೂರಿದೆ. ರೋಮಿನ ಕಾನ್‌ಸ್ಟಂಟೈನ್ 312ರಲ್ಲಿ ಮಿಲ್ವಿಯನ್ ಸೇತುವೆಯ ಕಾಳಗಕ್ಕೆ ಮುಂಚೆ ಕ್ರಿಸ್ತನ ಗುರುತನ್ನು ಕಂಡನೆಂದು ಕ್ರೈಸ್ತ ಲೇಖಕರು ಬರೆದರು. ಅಮೆರಿಕದ ಸಂವಿಧಾನ ಬರೆದ ಜ್ಞಾನಿಗಳನ್ನು ಅದೇ ಕೆಲಸಕ್ಕಾಗಿ ದೇವರು ಎತ್ತಿ ನಿಲ್ಲಿಸಿದನೆಂದು ಮಾರ್ಮನ್ ಪಂಥದವರು 1833ರಿಂದ ನಂಬಿಕೊಂಡು ಬಂದಿದ್ದಾರೆ. ಐರ್ಲೆಂಡಿನ 1937ರ ಸಂವಿಧಾನ ಪವಿತ್ರ ತ್ರಿತ್ವದ ಹೆಸರು ಹೇಳಿಯೇ ಆರಂಭವಾಗುತ್ತದೆ.

ಈ ನಂಬಿಕೆಯನ್ನು ಒರೆಗೆ ಹಚ್ಚಲು ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಸೀಮೆಗಿಂತ ತಕ್ಕ ಜಾಗ ನನಗೆ ಕಾಣದು. ಶೃಂಗೇರಿಯಲ್ಲಿ ಶಾರದಾಪೀಠ, ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠ, ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಜೈನ ಬಸದಿ ಮತ್ತು ಮಠ, ಅದೇ ನರಸಿಂಹರಾಜಪುರದಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರ ಚರ್ಚು. ಒಂದೇ ಕಾನೂನಿನ ಅಡಿಯಲ್ಲಿ ಇವರೆಲ್ಲ ಬದುಕಬೇಕು. ಆ ಕಾನೂನಿನ ಹಿಂದೆ ನಮ್ಮ ದೇವರಿದ್ದಾನೆ ಎಂದು ಇವರಲ್ಲಿ ಒಬ್ಬರು ಹೇಳಿದಾಗ ಉಳಿದವರ ಪಾಡೇನು? ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ದೇವರ ಹೆಸರು ಹೇಳಿದವರು ಆ ಹೆಸರಿನಿಂದ ಏನು ಮಾಡಿದರು ಎಂಬುದೇ ಅಳತೆಗೋಲು.

ಮೊದಲು ಕಲ್ಲು ಏನು ಹೇಳುತ್ತದೆ ನೋಡೋಣ. 1346ರ ಶೃಂಗೇರಿ ಶಾಸನ ವಿಜಯನಗರದ ಮೊದಲ ದಿನಗಳದ್ದು. ಮೂಡಣ ಕಡಲಿನಿಂದ ಪಡುವಣ ಕಡಲಿನವರೆಗೆ ನೆಲ ಗೆದ್ದ ಹರಿಹರ ತನ್ನ ತಮ್ಮಂದಿರೊಡನೆ ಇಲ್ಲಿಗೆ ಬಂದು ವಿಜಯೋತ್ಸವ ನಡೆಸಿ, ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ಬಿಟ್ಟ. ರಾಜ್ಯ ಕಟ್ಟಿಸಿದ ಯತಿಯೆಂದು ವಿದ್ಯಾರಣ್ಯರ ಹೆಸರು ಅಲ್ಲಿಲ್ಲ. ಗೆದ್ದವರು ಗುರುಸನ್ನಿಧಿಗೆ ಬಂದು ಋಣ ಸಲ್ಲಿಸಿದರು, ಅಷ್ಟೇ ಶಾಸನದ ಮಾತು. ವಿದ್ಯಾರಣ್ಯರು ಪೀಠದಲ್ಲಿದ್ದ ಕಾಲದ, 1384ರ ಶಾಸನ ಇನ್ನೂ ಸ್ವಾರಸ್ಯದ್ದು. ಎರಡನೆಯ ಹರಿಹರ ಅವರ ಕೃಪಾಕಟಾಕ್ಷದಿಂದ ಬೇರೆ ಅರಸರಿಗೆ ಎಟುಕದ ಜ್ಞಾನಸಾಮ್ರಾಜ್ಯವನ್ನು ಪಡೆದನೆಂದು ಅದು ಹೇಳುತ್ತದೆ. ಗುರು ಅರಸನಿಗೆ ಕೊಟ್ಟದ್ದು ಅರಿವು. ಅದೇ ಗುರು ನೆಲವನ್ನೂ ಕೊಟ್ಟರೆಂಬ ಕಥೆ ಬೆಳೆದದ್ದು ನಂತರದ ತಲೆಮಾರುಗಳಲ್ಲಿ. ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆಯುವ ಹೊತ್ತಿಗೆ ಮೊಲವೂ ಋಷಿಯೂ ಕಥೆಯೊಳಗೆ ಬಂದು ಕೂತಿದ್ದರು.

ಇದನ್ನು ಮೊದಲು ಗಟ್ಟಿಯಾಗಿ ಎತ್ತಿ ಆಡಿದವರು ಒಬ್ಬ ಕ್ರೈಸ್ತ ಪಾದ್ರಿ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿದ್ದ ಜೆಸ್ವಿಟ್ ಇತಿಹಾಸಕಾರ ಹೆನ್ರಿ ಹೆರಾಸ್ 1929ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ವಿದ್ಯಾರಣ್ಯರ ಕಥೆಯನ್ನು ಶೃಂಗೇರಿಯ ಯತಿಗಳು ಹದಿನಾರನೆಯ ಶತಮಾನದಲ್ಲಿ ಹೆಣೆದರು ಎಂದು ವಾದಿಸಿದರು. ಕನ್ನಡನಾಡು ವಿಜಯನಗರದ ಆರುನೂರನೆಯ ವರ್ಷವನ್ನು ಸಂಭ್ರಮಿಸಲು ಅಣಿಯಾಗುತ್ತಿದ್ದ ಕಾಲ ಅದು. 1936ರಲ್ಲಿ ಧಾರವಾಡದಿಂದ ಸ್ಮಾರಕ ಸಂಪುಟವೇ ಹೊರಬಂತು. ಸಹಜವಾಗಿಯೇ ಹೆರಾಸರ ಮಾತು ನಮ್ಮ ವಿದ್ವಾಂಸರನ್ನು ಕೆರಳಿಸಿತು.

ದಾಖಲೆಗಳ ಮಟ್ಟಿಗೆ ಹೆರಾಸರ ವಾದದಲ್ಲಿ ಹುರುಳಿದೆ. ಸಮಕಾಲೀನ ಶಾಸನ ಹೇಳದ್ದನ್ನು ಇನ್ನೂರು ವರ್ಷಗಳ ನಂತರದ ಕಥೆಯಿಂದ ತುಂಬಬಾರದೆಂಬ ಅವರ ನಿಲುವು ಸರಿಯಾದದ್ದೇ. ಆದರೆ ನಂಬಿಕೆಯನ್ನು ಬರಿಯ ವಂಚನೆಯೆಂದು ಬಗೆದಲ್ಲಿ ಅವರು ಎಡವಿದರು. ಸುಳ್ಳು ಪತ್ರ ಸೃಷ್ಟಿಸುವುದು ಬೇರೆ; ತಲೆಮಾರುಗಳ ಕೃತಜ್ಞತೆ ಕಥೆಯಾಗಿ ಹೆಪ್ಪುಗಟ್ಟುವುದು ಬೇರೆ. ಅವರದೇ ಚರ್ಚಿನ ಇತಿಹಾಸದಲ್ಲಿ ಎರಡೂ ಉಂಟು. ಕಾನ್‌ಸ್ಟಂಟೈನ್ ಕಂಡ ದರ್ಶನವನ್ನು ಲ್ಯಾಕ್ಟಾಂಟಿಯಸ್ ಒಂದು ಬಗೆಯಲ್ಲಿ, ಯೂಸೀಬಿಯಸ್ ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ. ಅದು ಬೆಳೆದ ಕಥೆ. ಅದೇ ಕಾನ್‌ಸ್ಟಂಟೈನ್ ಪಶ್ಚಿಮದ ಅಧಿಕಾರವನ್ನು ಪೋಪರಿಗೆ ಬರೆದುಕೊಟ್ಟನೆಂಬ ದಾನಪತ್ರ ಖೋಟಾ ಎಂಬುದನ್ನು 1440ರಲ್ಲಿ ಲೊರೆಂಜೊ ವಲ್ಲಾ ತೋರಿಸಿಕೊಟ್ಟ. ಅದು ಸೃಷ್ಟಿಸಿದ ಪತ್ರ. ವಿದ್ಯಾರಣ್ಯರ ಕಥೆ ಮೊದಲನೆಯ ಜಾತಿಯದೆಂದೇ ನನ್ನ ತೀರ್ಮಾನ. ವಿಜಯನಗರದ ಅರಸರಿಗೂ ಶೃಂಗೇರಿಗೂ ಇದ್ದ ನಂಟು ಕಲ್ಲಿನಲ್ಲಿ ಕೊರೆದ ನಿಜ. ಕಥೆ ಆ ನಂಟನ್ನು ಹಿಂದಕ್ಕೆಳೆದು ಸಾಮ್ರಾಜ್ಯದ ಹುಟ್ಟಿಗೇ ಗಂಟು ಹಾಕಿತು.

ಕಥೆ ನಿಜವೋ ಅಲ್ಲವೋ ಎಂದು ತೀರ್ಮಾನಿಸಿದರೆ ವಿಮರ್ಶೆ ಮುಗಿಯುವುದಿಲ್ಲ. ಅದನ್ನು ಯಾರು, ಯಾವ ಸ್ಥಿತಿಯಲ್ಲಿ ನಿಂತು ಹೇಳಿದರು ಎಂಬುದೇ ಮುಖ್ಯ. ಮಾರ್ಮನ್ನರ ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. 1833ರಲ್ಲಿ ಮಿಸೌರಿಯ ಜಾಕ್ಸನ್ ಕೌಂಟಿಯಿಂದ ನೆರೆಹೊರೆಯ ಕ್ರೈಸ್ತರೇ ಅವರನ್ನು ಮನೆಮಠ ಬಿಡಿಸಿ ಓಡಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ತನಗೆ ಬಂತೆಂದು ಹೇಳಿದ ದೈವವಾಣಿಯಲ್ಲಿ ಅಮೆರಿಕದ ಸಂವಿಧಾನ ದೇವರ ಸಂಕಲ್ಪವೆಂಬ ಮಾತು ಬರುತ್ತದೆ. ಮನುಷ್ಯ ಮನುಷ್ಯನಿಗೆ ಜೀತದಾಳಾಗಿರುವುದು ಸರಿಯಲ್ಲವೆಂಬ ಮಾತೂ ಅದರ ಬೆನ್ನಿಗೇ ಇದೆ. ಆಗಿನ್ನೂ ಅಮೆರಿಕದಲ್ಲಿ ಗುಲಾಮಗಿರಿ ಕಾನೂನುಬದ್ಧ. ಅದು ಅಳಿದದ್ದು 1865ರ ತಿದ್ದುಪಡಿಯಿಂದ. ಅಧಿಕಾರಿಗಳು ಕೈಬಿಟ್ಟ ಜನ, ಎಲ್ಲರನ್ನೂ ಕಾಯಬೇಕಾದ ಕಾನೂನನ್ನು ಅಧಿಕಾರಿಗಳಿಗಿಂತ ಮೇಲೆ ಎತ್ತಿ ಹಿಡಿದರು. ಕಾನೂನು ದೇವರದೆಂದರೆ ಗವರ್ನರನೂ ಅದಕ್ಕೆ ತಲೆಬಾಗಬೇಕು ಎಂಬುದು ಆ ನಂಬಿಕೆಯ ಒಳದನಿ.

ಅದೇ ನಂಬಿಕೆ ಬಲವಿದ್ದವರ ಬಾಯಿಗೆ ಬಂದಾಗ ಅದರ ಗುಣವೇ ಬೇರೆ. 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರೂವರ್ ಇದು ಕ್ರೈಸ್ತ ರಾಷ್ಟ್ರವೆಂದು ತೀರ್ಪಿನಲ್ಲಿ ಬರೆದರು. ಆದರೆ ಆ ದೇಶದ ಸಂವಿಧಾನದ ಪೀಠಿಕೆಯಲ್ಲಿ ದೇವರ ಹೆಸರಿಲ್ಲ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದೆಂದು ಆರನೆಯ ವಿಧಿ ಹೇಳುತ್ತದೆ. ಐರ್ಲೆಂಡಿನಲ್ಲಿ ತ್ರಿತ್ವದ ಹೆಸರಿನ ಸಂವಿಧಾನವೇ ವಿಚ್ಛೇದನವನ್ನು ನಿಷೇಧಿಸಿತ್ತು. ವಿಚ್ಛೇದನವನ್ನು ಒಪ್ಪುವ ಬೇರೆ ಚರ್ಚಿನವರಿಗೂ ಧರ್ಮವೇ ಇಲ್ಲದವರಿಗೂ ಕ್ಯಾಥೋಲಿಕರ ಕಟ್ಟಳೆಯೇ ದೇಶದ ಕಟ್ಟಳೆಯಾಯಿತು. 1995ರ ಜನಮತಗಣನೆಯಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಜನರೇ ಅದನ್ನು ತೆಗೆದುಹಾಕಿದರು.

ನಮ್ಮ ಕಡೆಗೆ ಮರಳಿದರೆ, ಈ ಪರೀಕ್ಷೆಗೆ ಅತ್ಯುತ್ತಮ ಪಠ್ಯ 1368ರಲ್ಲಿ ಬುಕ್ಕರಾಯ ಶ್ರವಣಬೆಳಗೊಳದಲ್ಲಿ ಹಾಕಿಸಿದ ಶಾಸನ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಊರುಗಳ ಜೈನರು ಅರಸನಲ್ಲಿ ದೂರು ಕೊಟ್ಟರು. ಬುಕ್ಕ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ವೈಷ್ಣವ ಆಚಾರ್ಯರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದ. ಪಂಚಮಹಾವಾದ್ಯ, ಕಲಶ ಜೈನರಿಗೂ ಸಲ್ಲಬೇಕು. ಅವರ ಹಾನಿವೃದ್ಧಿಯನ್ನು ವೈಷ್ಣವರು ತಮ್ಮದೇ ಎಂದು ಎಣಿಸಬೇಕು. ಶಾಸನ ಶುರುವಾಗುವುದು ರಾಮಾನುಜರ ಸ್ತುತಿಯಿಂದ. ಅಂದರೆ ಬಲವಿದ್ದವರ ಗುರುವನ್ನೇ ಮುಂದಿಟ್ಟು ಬಲವಿದ್ದವರ ಕೈಕಟ್ಟಿದ ಕಟ್ಟಳೆ ಇದು. ದೇವರ ಹೆಸರು ಇಲ್ಲಿ ಹೇಳಿದವರ ಮೇಲೆಯೇ ಹೊಣೆ ಹೊರಿಸಿತು. ಮೊಲದ ಕಥೆಗಿಂತ ಈ ಕಲ್ಲು ವಿಜಯನಗರಕ್ಕೆ ಹೆಚ್ಚಿನ ಗೌರವ ತರುತ್ತದೆ.

ಅದರ ಮಿತಿಯನ್ನೂ ಹೇಳಲೇಬೇಕು. ಬೆಳಗೊಳದ ಕಾವಲಿಗೆ ವೈಷ್ಣವರು ಆಳುಗಳನ್ನು ನೇಮಿಸಬೇಕು. ಅದಕ್ಕೆ ಜೈನರು ಮನೆಗೊಂದು ಹಣದಂತೆ ವರ್ಷವರ್ಷ ಕೊಡಬೇಕು, ಮಿಕ್ಕದ್ದು ಬಸದಿಗಳ ಜೀರ್ಣೋದ್ಧಾರಕ್ಕೆ. ತೊಂದರೆ ಕೊಟ್ಟವರೇ ಕಾವಲುಗಾರರು, ತೊಂದರೆಪಟ್ಟವರೇ ಖರ್ಚು ಹೊರುವವರು. ಇದು ದೊರೆಯ ದಯೆ. ಅವನ ಮರ್ಜಿಯ ಆಚೆಗೆ ನಿಲ್ಲುವ ಹಕ್ಕು ಅಲ್ಲ. ಧರ್ಮಶಾಸ್ತ್ರದಲ್ಲಂತೂ ಮಿತಿ ಇನ್ನೂ ಸ್ಪಷ್ಟ. ವಿದ್ಯಾರಣ್ಯರ ಪೂರ್ವಾಶ್ರಮದ ಕೃತಿಯೆಂದು ಸಂಪ್ರದಾಯ ಹೇಳುವ ‘ಪರಾಶರಮಾಧವೀಯ’ ಬಹು ದೊಡ್ಡ ಪ್ರತಿಭೆಯ ಗ್ರಂಥ. ಪರಾಶರಸ್ಮೃತಿಯಲ್ಲಿ ಇಲ್ಲದ ವ್ಯವಹಾರಕಾಂಡವನ್ನು, ಎಂದರೆ ಸಾಲ, ಪಾಲು, ವ್ಯಾಜ್ಯಗಳ ನ್ಯಾಯವನ್ನು, ಗ್ರಂಥಕರ್ತ ಮಾಧವಾಚಾರ್ಯರು ತಾವೇ ಕಟ್ಟಿಕೊಟ್ಟರು. ಬ್ರಿಟಿಷರ ನ್ಯಾಯಾಲಯಗಳು ದಕ್ಷಿಣದ ಹಿಂದೂ ಕಾನೂನಿಗೆ ಅದನ್ನು ಪ್ರಮಾಣವಾಗಿ ಬಳಸಿದವು. ಆದರೆ ಅದು ನಿಂತದ್ದು ವರ್ಣಭೇದದ ಮೇಲೆ. ಋಷಿವಾಕ್ಯವೆಂದು ಬಂದ ಕಾನೂನಿನ ಕೆಳಗೆ ನರಳಿದವರಿಗೆ ಅದನ್ನು ತಿದ್ದುವ ದಾರಿ ಇರಲಿಲ್ಲ. ದೈವಪ್ರೇರಣೆಯ ಮಾತಿನ ದೊಡ್ಡ ಅಪಾಯ ಇದೇ: ಬರೆದ ಮನುಷ್ಯನ ಕೈಯನ್ನು ಮರೆಮಾಡಿ, ತಿದ್ದುವ ಮನುಷ್ಯನ ಕೈಯನ್ನು ತಡೆಯುತ್ತದೆ.

ಈ ಅಪಾಯವನ್ನು ನಮ್ಮ ಸಂವಿಧಾನ ಸಭೆ ಕಣ್ಣೆದುರೇ ಕಂಡಿತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್, ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ಅವರ ಶ್ರದ್ಧೆ ಪ್ರಾಮಾಣಿಕವಾದದ್ದು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ನಂಬಿಕೆಯ ಸ್ವಾತಂತ್ರ್ಯ ಕೊಡುವ ಸಂವಿಧಾನ ಯಾರ ಮೇಲೂ ನಂಬಿಕೆಯನ್ನು ಹೇರಬಾರದೆಂದು ಹೃದಯನಾಥ ಕುಂಜ್ರು ವಾದಿಸಿದರು. ಕಾಮತ್ ಪಟ್ಟು ಬಿಡಲಿಲ್ಲ. ಎಣಿಕೆ ನಡೆದು ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ದೇವರಿಗೆ ಸೋಲಾಯಿತೆಂದು ಇದನ್ನು ಓದುವುದು ತಪ್ಪು. ಆ 68 ಜನರಲ್ಲಿ ಆಸ್ತಿಕರೂ ಇದ್ದರು. ಪ್ರಮಾಣವಚನದಲ್ಲಿ ದೇವರ ಹೆಸರಿಗೆ ಸಭೆ ಮೊದಲೇ ಜಾಗ ಕೊಟ್ಟಿತ್ತು. ದೇವರ ಮೇಲೆ ಆಣೆಯಿಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎಲ್ಲರ ಪರವಾಗಿ ಆಡುವ ಮಾತಿನಲ್ಲಿ ಜನ ಮಾತ್ರ, ಒಬ್ಬೊಬ್ಬರು ತಮ್ಮ ಪರವಾಗಿ ಆಡುವ ಮಾತಿನಲ್ಲಿ ಅವರವರ ದೇವರು. ಈ ಏರ್ಪಾಡು ನಮ್ಮ ಸಂವಿಧಾನದ ಅತಿ ಸೂಕ್ಷ್ಮವಾದ ವಿವೇಕಗಳಲ್ಲೊಂದು.

ಅದೇ ಸಭೆಯಲ್ಲಿ ಮಂಗಳೂರು ಮೂಲದ ಇನ್ನೊಬ್ಬರಿದ್ದರು: ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜಾ. ಶಾಸನಸಭೆಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗಿದ್ದ ಮೀಸಲು ಸ್ಥಾನಗಳನ್ನು ಬಿಟ್ಟುಕೊಡುವ ನಿರ್ಧಾರವನ್ನು ಅವರು 1949ರಲ್ಲಿ ಬೆಂಬಲಿಸಿದರು. ಹೆರಾಸರೂ ಡಿಸೋಜರೂ ಒಂದೇ ಸಂಘದ ಸಂನ್ಯಾಸಿಗಳು. ಒಬ್ಬರು ಬೇರೆಯವರ ದೈವಕಥೆಯ ಪಾಯವನ್ನು ಕೆದಕಿದರು. ಇನ್ನೊಬ್ಬರು ತಮ್ಮ ಜನರ ರಕ್ಷಣೆಯನ್ನು ತಮ್ಮ ದೇವರ ಹೆಸರಿಲ್ಲದ ಒಂದು ಸಂವಿಧಾನಕ್ಕೆ, ನೆರೆಯವರ ನ್ಯಾಯಬುದ್ಧಿಗೆ ಒಪ್ಪಿಸಿದರು. ಎರಡನೆಯದು ಹೆಚ್ಚಿನ ಶ್ರದ್ಧೆಯನ್ನು ಬೇಡುವ ಕೆಲಸವೆಂದು ನಾನು ತಿಳಿಯುತ್ತೇನೆ.

ಶೃಂಗೇರಿಯ ಬಳಿ ಇನ್ನೊಂದು ಹುಟ್ಟಿನ ಕಥೆಯಿದೆ. ಬಿಸಿಲಿನಲ್ಲಿ ಬಳಲಿದ ಗಬ್ಬದ ಕಪ್ಪೆಗೆ ಸರ್ಪ ಹೆಡೆಯೆತ್ತಿ ನೆರಳು ಹಿಡಿದದ್ದನ್ನು ತುಂಗೆಯ ತೀರದಲ್ಲಿ ಶಂಕರರು ಕಂಡು, ಪೀಠಕ್ಕೆ ಇದೇ ತಾಣವೆಂದು ಆರಿಸಿದರಂತೆ. ಮೊಲದ ಕಥೆ ಸಾಮ್ರಾಜ್ಯಕ್ಕೆ ಒಪ್ಪುವಂಥದು: ಹೆದರಿದವನು ತಿರುಗಿ ಬೀಳುವ ಶೌರ್ಯ ಅದರಲ್ಲಿದೆ. ಕಪ್ಪೆಯ ಕಥೆ ಕಾನೂನಿಗೆ ಒಪ್ಪುವಂಥದು: ನುಂಗಬಲ್ಲವನು ಕಾಯಲು ನಿಲ್ಲುವ ಧರ್ಮ ಅದರಲ್ಲಿದೆ. ಬುಕ್ಕನ ಶಾಸನ ಈ ಎರಡನೆಯ ಕಥೆಯ ಸಂತಾನ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಬರೆದ ಗೀತೆ 2004ರಲ್ಲಿ ನಮ್ಮ ನಾಡಗೀತೆಯಾಯಿತು. ವಿದ್ಯಾರಣ್ಯರ ಹೆಸರು ಅದರಲ್ಲಿದೆ. ರಾಮಾನುಜ, ಬಸವೇಶ್ವರ, ಮಧ್ವರ ಜೊತೆಗೆ. ಕ್ರೈಸ್ತರು, ಮುಸಲ್ಮಾನರು, ಜೈನರು, ಪಾರಸಿಕರೂ ಅದರಲ್ಲಿದ್ದಾರೆ. ನಾಡಿಗೆ ದೈವತ್ವ ಕೊಟ್ಟ ಗೀತೆಯೇ ಅದು, ತಾಯಿಯೆಂದು ಕೈಮುಗಿದದ್ದು. ಆದರೆ ಆ ದೈವತ್ವದಲ್ಲಿ ಯಾವ ಒಂದು ಪೀಠಕ್ಕೂ ಹಕ್ಕುಪತ್ರವಿಲ್ಲ.

ಆದ್ದರಿಂದ ನನ್ನ ತೀರ್ಪು ಇದು. ರಾಜ್ಯದ ಹಿಂದೆ ದೈವವಿದೆಯೆಂಬ ನಂಬಿಕೆಯನ್ನು ಅಳಿಸಬೇಕಾಗಿಲ್ಲ. ಅದರಿಂದ ದೊರೆಗಳು ತಲೆತಗ್ಗಿಸಿದ್ದಾರೆ, ದಿಕ್ಕಿಲ್ಲದವರು ಧೈರ್ಯ ಪಡೆದಿದ್ದಾರೆ. ಆದರೆ ಅದಕ್ಕೊಂದು ಷರತ್ತು ಬೇಕು. ದೇವರ ಹೆಸರು ಹೇಳುವವನನ್ನು ಆ ಹೆಸರು ಎಲ್ಲರಿಗಿಂತ ಮೊದಲು ಕಟ್ಟಬೇಕು, ಮತ್ತು ಆ ಹೆಸರಿನಲ್ಲಿ ಬಂದ ಕಾನೂನನ್ನು ಕೊನೆಯ ಮನುಷ್ಯ ಪ್ರಶ್ನಿಸಿ ತಿದ್ದುವಂತಿರಬೇಕು. ಶೃಂಗೇರಿಯ ಬಿರುದು ಉಳಿಯಲಿ. ಮಕ್ಕಳಿಗೆ ಮೊಲದ ಕಥೆ ಹೇಳುವ ಪಾಠದಲ್ಲೇ 1346ರ ಕಲ್ಲು ಏನು ಹೇಳುತ್ತದೆ, 1368ರ ಕಲ್ಲು ಯಾರ ಕೈಯನ್ನು ಯಾರ ಕೈಯಲ್ಲಿಟ್ಟಿತು, 1949ರಲ್ಲಿ 68 ಜನ ಏಕೆ ಬೇಡವೆಂದರು ಎಂಬುದನ್ನೂ ಹೇಳಿಕೊಡಲಿ. ಸಿಂಹನಗದ್ದೆಯ ಬಸದಿಯ ಮಗುವೂ ಚರ್ಚಿನ ಮಗುವೂ ಒಂದೇ ಬೆಂಚಿನಲ್ಲಿ ಕೂತು ಕೇಳಿ, ಇದು ನಮ್ಮ ರಾಜ್ಯದ ಕಥೆಯೂ ಹೌದು ಎನ್ನಬಲ್ಲವಾದರೆ ಆ ನಂಬಿಕೆ ಗೆದ್ದಂತೆ.